ಜಿತೇಂದ್ರನ ಜ್ವರ ಮತ್ತು ಮೂರು ಆಕಾಶಗಳು

ಜಿತೇಂದ್ರನ ಜ್ವರಕ್ಕೆ ಕಾರಣ ಹೊಸ ಕಂಪ್ಯೂಟರ್. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ವಿಸಿಲ್ ಊದಿ ಬಸ್ಸು ಬಿಡುವ ಟೈಮ್‌ಕೀಪರ್ ಆಗಿರುವ ಅವನು ಬೆಳಿಗ್ಗೆ ಐದೂವರೆಗೆ ಬಸ್ ಮಾಲಕ ಸರ್ವೋತ್ತಮರಿಗೆ ಫೋನು ಮಾಡಿ, ನಾಲ್ಕು ಸಲ ಕೆಮ್ಮಿದ.

"ಆಯ್ತು, ಇವತ್ತು ನಾನೇ ಕೂತು ಬಸ್ ಬಿಡ್ತೇನೆ. ಆದರೆ ಸುಳ್ಳು ಜ್ವರ ಅಂತ ಗೊತ್ತಾದರೆ ನಿನ್ನ ಕೆಲಸ ಕಂಡಕ್ಟರ್ ರೊಸಾರಿಯೊಗೆ, ಗೊತ್ತಾಯ್ತಲ್ಲ ಮಾರಾಯ?"

ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಆಟಗಳಲ್ಲಿ ಮೂರು ಜಾತಿ ಉಂಟೆಂದು ಜಿತೇಂದ್ರ ಓದಿದ್ದ. ಸಂಜೆಯೊಳಗೆ ಮೂರನ್ನೂ ಆಡಿ ಒಂದನ್ನು ಆರಿಸಬೇಕಿತ್ತು.

ಮೊದಲನೆಯದು ಸರದಿಯ ಆಟ. ತಾನೊಂದು ಹಡಗು ನಡೆಸಿದ ಮೇಲೆ ಎದುರಾಳಿ ನಡೆಸುವವರೆಗೆ ಕಾಯಬೇಕು. ಎದುರಾಳಿ ನಾಲ್ಕು ನಿಮಿಷ ಯೋಚಿಸಿದ. ಅಷ್ಟರಲ್ಲಿ ಕಾರ್ಕಳದಿಂದ ಎರಡು ಉಡುಪಿ ಬಸ್ಸು ಹೊರಟು, ಅವುಗಳ ಕಂಡಕ್ಟರುಗಳ ಜಗಳವೂ ಮುಗಿದಿರುತ್ತದೆ. ಜಿತೇಂದ್ರ ಆಟ ಮುಚ್ಚಿದ.

ಎರಡನೆಯದರಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ನೂರು ಹಡಗುಗಳು, ಕಾಲೇಜು ಬಿಟ್ಟ ಹೊತ್ತಿನ ಎಕ್ಸ್‌ಪ್ರೆಸ್ ಬಸ್ಸುಗಳ ಹಾಗೆ, ಒಟ್ಟಿಗೇ ನುಗ್ಗಿದವು. ಜಿತೇಂದ್ರನ ಕೈ ತಾನಾಗಿ ಜೇಬಿಗೆ ಹೋಯಿತು. ಮೂರು ಸಲ ವಿಸಿಲ್ ಊದಿದ. ಶನಿಗ್ರಹದ ಬಳಿ ಒಬ್ಬನೂ ಹಿಂದೆ ಸರಿಯಲಿಲ್ಲ. ಪಕ್ಕದ ಮನೆಯ ರತ್ನಾವತಿ ಮಾತ್ರ ಓಡಿ ಬಂದರು.

"ಎಂತ ಜಿತೇಂದ್ರ, ಮನೆಯಿಂದಲೇ ಬಸ್ ಬಿಡ್ತಿದ್ದೀಯಾ?"

"ಸ್ವಲ್ಪ ಜ್ವರ ರತ್ನಕ್ಕ."

"ಸ್ವಲ್ಪ ಅಲ್ಲ, ತಲೆಗೇ ಏರಿದೆ. ಗಂಜಿ ತರ್ತೇನೆ, ಮಲಗು."

ಮೂರನೆಯದು ಅವನಿಗೆಂದೇ ಹೊಲಿಸಿದಂತಿತ್ತು. ಮುಖ ಕಾಣದ ಹತ್ತಾರು ಮಂದಿ ಒಕ್ಕೂಟ ಕಟ್ಟಿಕೊಂಡು ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಬೇಕು, ಶತ್ರು ಬಂದರೆ ಕಾದಾಡಬೇಕು. ಕನ್ನಡದ ಒಕ್ಕೂಟವೊಂದು ಸಿಕ್ಕಿತು. ಅದರ ಮುಖಂಡನ ಹೆಸರು 'ಮಹಾಚಕ್ರವರ್ತಿ'. ಜಿತೇಂದ್ರ 'ಧೂಮಕೇತು' ಎಂಬ ಹೆಸರಲ್ಲಿ ಸೇರಿದ. ಅರ್ಧ ಗಂಟೆಯಲ್ಲಿ ಎಲ್ಲ ಹಡಗುಗಳಿಗೂ ಎರಡೆರಡು ನಿಮಿಷದ ಅಂತರವಿಟ್ಟು ಸಮಯಪಟ್ಟಿ ಹಾಕಿಕೊಟ್ಟ.

'ಧೂಮಕೇತುಗಳೇ, ನಿಮ್ಮಂಥವರು ಸಿಗುವುದಿಲ್ಲ. ಇವತ್ತಿನಿಂದ ನೀವು ಉಪಚಕ್ರವರ್ತಿ,' ಎಂದು ಚಕ್ರವರ್ತಿ ಬರೆದ. 'ಶತ್ರು ಬಂದ. ಟೈಪ್ ಮಾಡಲು ಪುರುಸೊತ್ತಿಲ್ಲ, ಮೈಕ್ ಹಾಕಿ.'

ಇಬ್ಬರೂ ಮೈಕ್ ಹಾಕಿದರು. ಅದೇ ಕ್ಷಣ ರತ್ನಾವತಿ ಗಂಜಿಯ ತಟ್ಟೆ ಹಿಡಿದು ಒಳಗೆ ಬಂದರು.

"ಜಿತೇಂದ್ರ, ಜ್ವರದಲ್ಲಿಯೂ ಕಂಪ್ಯೂಟರಾ? ಗಂಜಿಗೆ ಉಪ್ಪಿನಕಾಯಿ ಹಾಕಲಾ?"

ಇಯರ್‌ಫೋನಿನ ಆ ಕಡೆಯಿಂದ ಬಸ್ಸಿನ ಹಾರ್ನು, ಅದರ ಹಿಂದೆಯೇ ರೊಸಾರಿಯೊನ ದನಿ ಕೇಳಿಸಿತು. "ಸರ್ವೋತ್ತಮಣ್ಣ, ಬಜಗೋಳಿ ಬಸ್ ಹೊರಡಲಾ? ಆಗಿನಿಂದ ಕೇಳ್ತಿದ್ದೇನೆ. ಆ ಲ್ಯಾಪ್‌ಟಾಪಿನಲ್ಲಿ ಎಂತ ಉಂಟು?"

ಎರಡು ಸಿಂಹಾಸನಗಳೂ ಹಡಗು ನಡೆಸುವುದನ್ನೇ ಮರೆತವು. ಅಷ್ಟರಲ್ಲಿ ಶತ್ರು ಮೂರು ಗ್ರಹ ನುಂಗಿದ.

"ಜ್ವರ ಹೇಗುಂಟು?" ಎಂದರು ಚಕ್ರವರ್ತಿ.

"ಇಳಿಯಿತು ಸರ್ವೋತ್ತಮಣ್ಣ."

"ನಾನು ಕೌಂಟರಿನಲ್ಲಿ ಕೂತು ಆಡುವುದು ಯಾರಿಗೂ ಗೊತ್ತಾಗಬಾರದು. ನಿನ್ನ ಜ್ವರದ ವಿಷಯ ನಾನೂ ಮರೆತೆ."

ಕೆಲಸ ಉಳಿಯಿತು. ಜಿತೇಂದ್ರ ಗಂಜಿಗೆ ಕೈ ಹಾಕಿದ.

"ನಾಳೆಯಿಂದ ಐದಕ್ಕೇ ಬಾ."

"ಮೊದಲ ಬಸ್ಸು ಆರಕ್ಕಲ್ವಾ?"

"ಬಸ್ಸು ಆರಕ್ಕೆ. ನಮ್ಮ ಹಡಗುಗಳನ್ನು ಐದೂಕಾಲಿಗೆ ಬಿಡಬೇಕು. ಮತ್ತೆ, ಆದಿತ್ಯವಾರವೂ ಬರಬೇಕು ಮಾರಾಯ. ಗುರುಗ್ರಹಕ್ಕೆ ರಜೆ ಇಲ್ಲ."