ಕಲಸದ ಒಬ್ಬ ಗೆಳೆಯ

ನಿರಂಜನ ಮೇಷ್ಟ್ರಿಗೆ ಇದ್ದ ಚಟ ಒಂದೇ. ಅದು ಇಸ್ಪೀಟಾಗಿದ್ದರೆ ಕಲಸ ಊರಿನ ಜನ ಅರ್ಥ ಮಾಡಿಕೊಳ್ಳುತ್ತಿದ್ದರು, ಜತೆಗೆ ಕೂತು ನಾಲ್ಕು ಆಟ ಆಡಿಯೂ ಬಿಡುತ್ತಿದ್ದರು. ಆದರೆ ಅವನು ಕೇಳುತ್ತಿದ್ದದ್ದು ಜರ್ಮನಿಯ ಹಳೆಯ ರಾಕ್ ಬ್ಯಾಂಡುಗಳನ್ನು. ಅದರಲ್ಲೂ ಟ್ರೋಕನ್‌ಬೋಡನ್ ಎಂದರೆ ಅವನಿಗೆ ಪ್ರಾಣ. ಆ ಬ್ಯಾಂಡಿನವರು ಗಿಟಾರಿನ ಜತೆಗೆ ಗೋಡೆ ಕೊರೆಯುವ ಯಂತ್ರವನ್ನೂ ಓಡಿಸಿ, ಅದಕ್ಕೆ ಪ್ರಯೋಗ ಎಂದು ಹೆಸರಿಟ್ಟಿದ್ದರು.

ಐವತ್ತು ವರ್ಷದ ಹಿಂದೆ ತಮಗೇ ಬೇಡವೆಂದು ಮೂಲೆಗೆ ಎಸೆದಿದ್ದ ಟೇಪುಗಳನ್ನೆಲ್ಲ ಗುಡಿಸಿ ಅವರು ಈಗೊಂದು ಆಲ್ಬಮ್ ತಂದಿದ್ದರು. ಕಾಫಿ ಆರಿಸುವಾಗ ಬಿಸಾಡಿದ ಕರಿ ಬೀಜವನ್ನೇ ಚಂದದ ಡಬ್ಬಿಯಲ್ಲಿ ತುಂಬಿ, ಒಳ್ಳೆ ಬೀಜಕ್ಕಿಂತ ಹೆಚ್ಚಿನ ಬೆಲೆಗೆ ಮಾರಿದ ಹಾಗೆ. ನಿರಂಜನ ಬೆಳಗ್ಗೆ ಹಲ್ಲುಜ್ಜುತ್ತಲೇ ಫೋನಿನಲ್ಲಿ ಅದನ್ನು ಕೇಳತೊಡಗಿದ. ಕೊನೆಯ ತುಣುಕಿನ ಹೆಸರು ನೋಡಿ ಬ್ರಷ್ಷು ಬಾಯಲ್ಲೇ ನಿಂತಿತು. ‘ಕಲಸ, 1974.’ ಕೆಳಗೆ ಸಣ್ಣ ಅಕ್ಷರದಲ್ಲಿ ‘ಧ್ವನಿ: ಕಲಸದ ಒಬ್ಬ ಗೆಳೆಯ’ ಎಂದಿತ್ತು.

ಆ ಕಾಲದಲ್ಲಿ ಉದ್ದ ಕೂದಲಿನ ಕೆಲವು ಜರ್ಮನ್ನರು ವ್ಯಾನಿನಲ್ಲಿ ಬಂದು ಒಂದು ವಾರ ಊರಿನಲ್ಲಿದ್ದದ್ದು ಹಳಬರಿಗೆಲ್ಲ ನೆನಪಿತ್ತು. ತುಣುಕಿನಲ್ಲಿ ಹಿಂದುಗಡೆ ಏನೋ ಗುಂಯ್ ಎನ್ನುತ್ತಿತ್ತು. ಅದರ ಮೇಲೆ ಯಾರೋ ಗಂಡಸು ಬಹಳ ಗಂಭೀರವಾಗಿ ಏನೋ ಹೇಳುತ್ತಿದ್ದ. ನಿರಂಜನನಿಗೆ ಒಂದು ಪದವೂ ತಿಳಿಯಲಿಲ್ಲ. ತಿಳಿಯದ್ದರಿಂದ ಅದು ಹಳಗನ್ನಡವೇ ಇರಬೇಕೆಂದು ತೀರ್ಮಾನಿಸಿದ. ಹಳಗನ್ನಡ ಎಂದಮೇಲೆ ಧ್ವನಿ ಕನ್ನಡ ಪಂಡಿತರಾಗಿದ್ದ ತನ್ನ ದಿವಂಗತ ಅಪ್ಪನದಲ್ಲದೆ ಇನ್ಯಾರದು?

ಅಡುಗೆಮನೆಗೆ ಓಡಿ ಅಮ್ಮ ಮೂಕಾಂಬಿಕಾರ ಕಿವಿಗೆ ಫೋನು ಹಿಡಿದ. “ಅಮ್ಮ, ಇದು ಅಪ್ಪ ಅಲ್ವಾ?”

“ಕಾವಲಿ ಮೇಲೆ ದೋಸೆ ಇದೆ ಮಾರಾಯ. ಯಾರೋ ಬಾಯಲ್ಲಿ ಬಿಸಿ ಹಲಸಿನ ಬೀಜ ಇಟ್ಕೊಂಡು ಮಾತಾಡಿದ ಹಾಗಿದೆ.”

ಅಮ್ಮ ಇಲ್ಲ ಎನ್ನಲಿಲ್ಲವಲ್ಲ, ಅವನಿಗೆ ಅಷ್ಟು ಸಾಕಾಯಿತು. ಊರಿನ ವಾಟ್ಸಾಪ್ ಗುಂಪಿಗೆ ತುಣುಕನ್ನು ಹಾಕಿ, ‘ಜರ್ಮನ್ ಆಲ್ಬಮ್ಮಿನಲ್ಲಿ ನಮ್ಮ ತಂದೆಯವರ ಧ್ವನಿ. ಹೆಮ್ಮೆಯಾಗುತ್ತಿದೆ’ ಎಂದು ಬರೆದು, ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಅಂಟಿಸಿದ.

ತಟ್ಟೆಗೆ ಬಿದ್ದ ದೋಸೆ ಮುರಿಯುವ ಮೊದಲೇ ಪುರೋಹಿತ ಪರಮೇಶ್ವರ ಭಟ್ಟರು ಜಗುಲಿಯಲ್ಲಿದ್ದರು.

“ನಿರಂಜನ, ತಪ್ಪು ತಿಳ್ಕೊಬೇಡ. ಅದು ನಮ್ಮ ಅಪ್ಪಯ್ಯನ ಧ್ವನಿ. ಸಾಮವೇದ ಹೇಳ್ತಾ ಇದ್ದಾರೆ.”

“ಮಂತ್ರ ಒಂದೂ ತಿಳಿಯೋದಿಲ್ವಲ್ಲ ಭಟ್ರೇ.”

“ನಂಗೂ ತಿಳೀಲಿಲ್ಲ. ಅಂದ್ರೆ ಎಷ್ಟು ಅಪರೂಪದ ಶಾಖೆ ಇರ್ಬೇಕು ನೋಡು.” ಭಟ್ಟರು ಅವನ ತಟ್ಟೆಯ ದೋಸೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು. “ಮುಂದಿನ ವಾರ ನಿನ್ನಪ್ಪನ ಶ್ರಾದ್ಧ ಅಲ್ವಾ? ನಾನೇ ಬರ್ಬೇಕು ತಾನೇ?”

ಶ್ರಾದ್ಧ ಮಾಡಿಸಲು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ನಿರಂಜನನ ಕಿವಿಗೆ ಕೂಡಲೇ ಸಾಮವೇದ ಕೇಳಿಸತೊಡಗಿತು. “ಈಗ ನೀವು ಹೇಳಿದ್ಮೇಲೆ ಹಾಗೇ ಅನ್ಸುತ್ತೆ” ಎಂದ.

ಶಾಲೆಯಲ್ಲಿ ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಪುಟ್ಟಸ್ವಾಮಿ ಗೌಡರ ಜೀಪು ಮೈದಾನಕ್ಕೆ ನುಗ್ಗಿತು. ಗೌಡರು ದೊಡ್ಡ ಪ್ಲಾಂಟರು, ಜತೆಗೆ ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷರು.

“ಮೇಷ್ಟ್ರೇ, ಆ ಜರ್ಮನ್ನರು ಉಳ್ಕೊಂಡಿದ್ದು ನಮ್ಮ ಎಸ್ಟೇಟ್ ಬಂಗ್ಲೆಯಲ್ಲಿ. ಅದು ನಮ್ಮ ತಂದೆಯವ್ರು, ಅವ್ರ ಹತ್ರ ಜರ್ಮನ್ನಲ್ಲೇ ಮಾತಾಡ್ತಿದ್ದಾರೆ.”

“ದೊಡ್ಡ ಗೌಡ್ರಿಗೆ ಜರ್ಮನ್ ಬರ್ತಿತ್ತಾ?”

“ಬರ್ತಿರ್ಲಿಲ್ಲ. ಒಂದು ವಾರದಲ್ಲಿ ಕಲ್ತಿದ್ದಾರೆ ಅಂದ್ರೆ ಎಂಥಾ ತಲೆ ಅಂತ ಯೋಚ್ನೆ ಮಾಡಿ.” ಗೌಡರು ಜೀಪಿನ ಬಾನೆಟ್ ಸವರಿದರು. “ನಿಮ್ಮ ಕೆಲ್ಸ ಕಾಯಂ ಮಾಡೋ ವಿಷ್ಯ ಈ ಸಲದ ಮೀಟಿಂಗಿಗೆ ಬರುತ್ತೆ, ಗೊತ್ತಲ್ವಾ?”

ಅಪ್ಪನ ಧ್ವನಿ ನಿರಂಜನನ ಪಾಲಿಗೆ ಬೆಳಗ್ಗೆ ಹಳಗನ್ನಡವಾಗಿತ್ತು, ತಿಂಡಿಯ ಹೊತ್ತಿಗೆ ಸಾಮವೇದವಾಯಿತು, ಈಗ ಶುದ್ಧ ಜರ್ಮನ್ ಆಯಿತು. “ನನಗೂ ಅದೇ ಅನುಮಾನ ಇತ್ತು ಗೌಡ್ರೇ” ಎಂದ.

ಇಬ್ಬರಿಗೂ ಹೂಂ ಎಂದದ್ದು ಇಬ್ಬರಿಗೂ ಗೊತ್ತಾಗದಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಅಂದು ಸಂಜೆ ಸಮುದಾಯ ಭವನದಲ್ಲಿ ಬೆಳೆಗಾರರ ಸಂಘದ ವಾರ್ಷಿಕ ಸಭೆ ಇತ್ತು. ಗೌಡರು ಅದರಲ್ಲೇ ತಮ್ಮ ತಂದೆಯವರ ಸ್ಮರಣೆ ಮತ್ತು ತಮಗೊಂದು ಸನ್ಮಾನ ಸೇರಿಸಿ, ರೇಷ್ಮೆ ಶಾಲನ್ನೂ ತರಿಸಿಟ್ಟರು. ಸುದ್ದಿ ತಿಳಿದ ಭಟ್ಟರು ಅಪ್ಪಯ್ಯನ ಫೋಟೋಕ್ಕೆ ಮಾಲೆ ಹಾಕಿ, ನೆಂಟರಿಷ್ಟರ ಸಮೇತ ಬಂದು ಮುಂದಿನ ಸಾಲು ಹಿಡಿದರು.

ಸಾಲು ಹಿಡಿದ ಭಟ್ಟರು ಹೆಚ್ಚು ಹೊತ್ತು ಅಲ್ಲಿ ಕೂರಲಿಲ್ಲ. ವೇದಿಕೆಗೆ ಹತ್ತಿ ಹೇಳಿದರು: “ಗೌಡ್ರೇ, ಅದು ನಮ್ಮ ಅಪ್ಪಯ್ಯ. ನಿರಂಜನನೇ ಒಪ್ಕೊಂಡಿದ್ದಾನೆ.”

“ನನ್ಹತ್ರಾನೂ ಒಪ್ಕೊಂಡಿದ್ದಾರೆ. ಅಲ್ವಾ ಮೇಷ್ಟ್ರೇ?”

ವಂದನಾರ್ಪಣೆಗೆಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಿರಂಜನನ ಮೇಲೆ ಇಡೀ ಸಭೆಯ ಕಣ್ಣು ಬಿತ್ತು. ಅವನು ಎರಡು ಎತ್ತುಗಳ ನಡುವೆ ಸಿಕ್ಕಿದ ಬೇಲಿಗೂಟದಂತೆ ನಿಂತು, ಇಬ್ಬರತ್ತಲೂ ತಿರುಗಿ ನಕ್ಕ. ಆ ನಗುವನ್ನು ಇಬ್ಬರೂ ತಂತಮ್ಮ ಪರವಾಗಿಯೇ ಬಳಸಿಕೊಂಡರು. “ಶುರುವಲ್ಲೇ ಬರೋ ಕೆಮ್ಮು ಅಪ್ಪಯ್ಯನದೇ” ಎಂದರು ಭಟ್ಟರು. “ನಮ್ಮ ತಂದೆ ಕೆಮ್ಮಿದ್ರೆ ಇಡೀ ಎಸ್ಟೇಟೇ ಎದ್ದು ನಿಲ್ತಿತ್ತು” ಎಂದರು ಗೌಡರು.

ಕೊನೆಗೆ ಗೌಡರು ಮಗಳು ರಕ್ಷಾಳನ್ನು ಕರೆದರು. ಅವಳು ಮೈಸೂರಿನಲ್ಲಿ ಸೌಂಡ್ ಎಂಜಿನಿಯರಿಂಗ್ ಓದಿ ಬಂದಿದ್ದಳು. “ಆ ಗುಂಯ್ ಅನ್ನೋದನ್ನ ತೆಗ್ದು ಮಾತು ಮಾತ್ರ ಕೇಳೋ ಹಾಗೆ ಮಾಡಮ್ಮ. ಯಾರ ಅಪ್ಪ ಅಂತ ಊರಿಗೇ ಗೊತ್ತಾಗ್ಲಿ.”

ರಕ್ಷಾ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ತಲೆಯೆತ್ತಿ, “ಅಪ್ಪ, ಇದು ಯಾವ ಭಾಷೆನೂ ಅಲ್ಲ. ಟೇಪನ್ನ ಉಲ್ಟಾ ಓಡ್ಸಿದ್ದಾರೆ. ಸರಿ ಮಾಡಿದ್ದೀನಿ, ಹಾಕ್ಲಾ?” ಎಂದಳು.

“ಹಾಕು” ಎಂದರು ಭಟ್ಟರೂ ಗೌಡರೂ ಒಟ್ಟಿಗೇ. ಅಲ್ಲಿಯವರೆಗೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಭವನದ ದೊಡ್ಡ ಸ್ಪೀಕರುಗಳಲ್ಲಿ ಅಚ್ಚ ಮಲೆನಾಡಿನ ಕನ್ನಡ ಕೇಳಿಸಿತು. “ಗುಡ್ಡದ ಗಣಪತಿ ಗುಡಿ ಗಂಟೆ ಚಂದ ಇದೆ ಅಂದ್ರಲ್ಲ ಸಾಹೇಬ್ರೇ, ಬಿಚ್ಚಿ ತಂದು ನಿಮ್ಮ ವ್ಯಾನಿಗೆ ಹಾಕ್ತೀನಿ. ಆ ನಿಮ್ಮ ರೇಡಿಯೋ ನಂಗೆ ಬಿಟ್ಟು ಹೋಗಿ. ಊರವ್ರು ಕೇಳಿದ್ರೆ ಮಂಗ ಹೊತ್ಕೊಂಡು ಹೋಯ್ತು ಅಂತೀನಿ. ನಮ್ಮೂರವ್ರು ನಂಬ್ತಾರೆ.” ಆಮೇಲೆ ಒಂದು ಕೆಮ್ಮು.

ನಂಬಿದ್ದರು. ಗುಡಿಯ ಕಂಚಿನ ಗಂಟೆ ಕಾಣೆಯಾದಾಗಿನಿಂದ ಊರಿನ ಎರಡು ತಲೆಮಾರು ಮಂಗಗಳಿಗೆ ಕಲ್ಲು ಹೊಡೆದಿತ್ತು.

ಮೊದಲು ಬಾಯಿ ಬಿಟ್ಟವರು ಭಟ್ಟರು. “ನಮ್ಮ ಅಪ್ಪಯ್ಯ ಆ ವರ್ಷವಿಡೀ ಮೌನವ್ರತದಲ್ಲಿದ್ರು” ಎಂದು ಫೋಟೋವನ್ನು ಬೋರಲು ಹಾಕಿದರು.

“ನಮ್ಮ ತಂದೆ ಕನ್ನಡ ಮಾತಾಡ್ತಾನೇ ಇರ್ಲಿಲ್ಲ” ಎಂದರು ಗೌಡರು. “ಮನೇಲೂ ಇಂಗ್ಲಿಷೇ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ಹೊತ್ತು ಕಾದಾಡಿದ್ದ ಎರಡು ಮನೆತನಗಳು ಒಂದೇ ಗಳಿಗೆಯಲ್ಲಿ ರಾಜಿಯಾದವು.

“ಮೇಷ್ಟ್ರು ಬೆಳಗ್ಗೇನೇ ಹೇಳಿದ್ರಲ್ಲ, ಅವ್ರ ತಂದೆ ಧ್ವನಿ ಅಂತ” ಎಂದರು ಗೌಡರು. “ನಾವೇ ಸುಮ್ನೆ ಅಡ್ಡ ಬಂದ್ವಿ.”

“ಅಪ್ಪನ ಧ್ವನಿ ಮಗನಿಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ?” ಎಂದರು ಭಟ್ಟರು.

“ಇಲ್ಲ, ಇಲ್ಲ, ನಮ್ಮಪ್ಪಂದಲ್ಲ, ನಾನು ಏನೋ ತಪ್ಪು ತಿಳ್ಕೊಂಡು...” ನಿರಂಜನ ತೊದಲಿದ. ಮುಂದಿನ ಸಾಲಿನವರೊಬ್ಬರು ಅವನದೇ ಸಂದೇಶವನ್ನು ದೊಡ್ಡ ದನಿಯಲ್ಲಿ ಓದಿದರು: “ಹೆಮ್ಮೆಯಾಗುತ್ತಿದೆ.” ಶಾಲು ಹೇಗೂ ಬಂದಿತ್ತು, ಅದನ್ನು ಗೌಡರೇ ಅವನಿಗೆ ಹೊದಿಸಿದರು. ಗುಡಿಗೆ ಹೊಸ ಗಂಟೆಯನ್ನು ಮೇಷ್ಟ್ರ ಕುಟುಂಬದವರೇ ಮಾಡಿಸಿಕೊಡಬೇಕೆಂಬ ಠರಾವು ಚಪ್ಪಾಳೆಯೊಂದಿಗೆ ಪಾಸಾಯಿತು. ವಂದನಾರ್ಪಣೆಯನ್ನು ನಿರಂಜನನೇ ಮಾಡಿದ.

ಮನೆಗೆ ಬಂದಾಗ ಮೂಕಾಂಬಿಕಾ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅವನು ಶಾಲಿನ ಸಮೇತ ನೆಲದ ಮೇಲೆ ಕುಸಿದು ನಡೆದದ್ದೆಲ್ಲ ಹೇಳಿದ. ರಕ್ಷಾ ಕಳಿಸಿದ್ದ ಸರಿಮಾಡಿದ ತುಣುಕನ್ನು ಹಾಕಿದ. “ಈಗಾದ್ರೂ ಸರಿಯಾಗಿ ಕೇಳಿ ಹೇಳಮ್ಮ. ಇದು ಅಪ್ಪನಾ?”

ಮೂಕಾಂಬಿಕಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು. ಮುಖ ಅರಳಿತು. “ಛೆ, ನಿನ್ನಪ್ಪ ಪಾಪದವ್ರು. ಅವ್ರದ್ದಲ್ಲವೇ ಅಲ್ಲ.”

ನಿರಂಜನನ ಹೋದ ಜೀವ ಬಂತು. ಎದ್ದು ಚಪ್ಪಲಿ ಹುಡುಕಿದ. “ಬಾ ಅಮ್ಮ, ಈಗ್ಲೇ ಗೌಡ್ರ ಮನೆಗೆ ಹೋಗೋಣ. ಈ ಮಾತು ನೀನೇ ಹೇಳ್ಬೇಕು.”

“ಕೂತ್ಕೋ. ಇದು ನಮ್ಮಪ್ಪ. ಆ ರೇಡಿಯೋನ ನನ್ನ ಮದ್ವೆಗೆ ಕೊಟ್ಟಿದ್ರು.”

ನಿರಂಜನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ.

“ಗಂಟೆ ಮಾಡಿಸುವಾಗ ಸ್ವಲ್ಪ ಚಿಕ್ಕದೇ ಮಾಡ್ಸು ಮಾರಾಯ” ಎಂದರು ಮೂಕಾಂಬಿಕಾ, ಬತ್ತಿಯನ್ನು ಮುಂದೆ ತಳ್ಳುತ್ತಾ. “ಅದು ಭಾರಿ ಭಾರ ಇತ್ತು. ಒಂದು ಕಡೆ ನಾನೇ ಹಿಡ್ಕೊಂಡಿದ್ದೆ.”