ದಿಲ್ಲಿಗೆ ಎಷ್ಟು ಕವಳ?

ನನ್ನ ಸೋದರಮಾವನಿಗೆ ಗಡಿಯಾರ ಬೇಕಿಲ್ಲ, ಬಾಯಿಯಿದೆ. ಎಲೆ, ಅಡಿಕೆ, ಸುಣ್ಣದ ಒಂದು ಕವಳ ಬಾಯಲ್ಲಿ ಮುಗಿಯುವಷ್ಟು ಹೊತ್ತೇ ಅವರ ಅಳತೆ. ಭಟ್ಕಳದಿಂದ ಹೊನ್ನಾವರಕ್ಕೆ ಒಂದು ಕವಳ, ಅಲ್ಲಿಂದ ಕುಮಟೆಗೆ ಅರ್ಧ. ಕಿಲೋಮೀಟರು? ಅದೆಲ್ಲ ರಸ್ತೆ ಮಾಡುವವರಿಗೆ!

ಇಂಥವರನ್ನು ನಾನು ವಿಮಾನ ಹತ್ತಿಸಬೇಕಾಗಿ ಬಂತು. ದಿಲ್ಲಿಯ ಅಣ್ಣನ ಮನೆಗೆ ಹೋಗಿದ್ದ ಅಮ್ಮನಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಅದಕ್ಕೆ ಮೊದಲು ಅಕ್ಕನ ಮುಖ ನೋಡಲೇಬೇಕೆಂದು ಮಾವನ ಹಟ.

“ಮಂಗಳೂರಿಂದ ಎಷ್ಟು ಹೊತ್ತೇ, ತಂಗಿ?”

“ಹೆಚ್ಚುಕಮ್ಮಿ ಮೂರು ಗಂಟೆ, ಮಾವ. ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು.”

“ಸುಳ್ಳು ಹೇಳ್ಬೇಡ. ಭಟ್ಕಳದಿಂದ ಹುಬ್ಬಳ್ಳಿಗೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.”

ಫೋನಿನ ನಕ್ಷೆಯಲ್ಲಿ ಎರಡು ನಿಲ್ದಾಣಗಳ ನಡುವಿನ ಗೆರೆ ತೋರಿಸಿದೆ. “ನೆಟ್ಟಗೆ ಗೆರೆ ಎಳ್ದರೆ ಆತಾ? ನಡುವೆ ಚಾಕ್ಕೆ ಎಲ್ಲಿ ನಿಲ್ಲಿಸ್ತಾರೆ?” ಎಂದರು. ಕೊನೆಗೆ ಮೂರು ಕವಳದ ದಾರಿಯೆಂದು ಒಪ್ಪಿ, ನಂಬಿಕೆ ಸಾಲದೆ ವಾರಕ್ಕಾಗುವಷ್ಟು ಎಲೆ ಕಟ್ಟಿಕೊಂಡರು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಡಕತ್ತರಿ ಹೋಯಿತು. “ಅದು ಅಡಿಕೆ ಕತ್ತರ್ಸೂಕೆ, ಪೈಲಟ್‌ನ ಕತ್ತರ್ಸೂಕಲ್ಲ.” ನಾನು ಇದನ್ನು ಹಿಂದಿಗೆ ಅನುವಾದಿಸಲಿಲ್ಲ. ಮೇಲೆ ಹಾರಿದ ಮೇಲೆ ಗಗನಸಖಿಯ ಹತ್ತಿರ ಉಗಿಯುವ ಜಾಗ ಕೇಳಿದರು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ದಿಲ್ಲಿ ಹತ್ತಿರವಾದಾಗ ವಿಮಾನ ಬಿತ್ತು. ಅಂದರೆ ಬಿದ್ದಂತೆಯೇ. ಲೋಟಗಳು ಹಾರಿದವು, ಹಿಂದಿನ ಸಾಲಿನಲ್ಲಿ ಯಾರೋ ಚೀರಿದರು. ಹವಾಮಾನ ಸರಿಯಿಲ್ಲ, ಇಳಿಯಲು ತಡವಾಗುತ್ತದೆ ಎಂದು ಪೈಲಟ್ ಹೇಳಿದ. ಮತ್ತೆ ಕುಸಿಯಿತು, ಮತ್ತೆ! ಈಗಲೂ ಲಿಫ್ಟ್ ಇಳಿಯತೊಡಗಿದರೆ ನಾನು ಗೋಡೆ ಹಿಡಿಯುತ್ತೇನೆ. ಡಿಗ್ರಿಗೆ ಭೌತಶಾಸ್ತ್ರ ಓದಿದವಳು, ಗಾಳಿಯ ಒತ್ತಡ ಎಲ್ಲ ಗೊತ್ತು. ಏನು ಪ್ರಯೋಜನ?

“ಮಾವ, ಇನ್ನೆಷ್ಟು ದೂರ?”

ಮಾವ ನನ್ನ ಕೈ ಹಿಡಿದರು. “ಕಣ್ಣು ಮುಚ್ಕ. ನಾವು ಭಟ್ಕಳದ ಬಸ್ಸಲ್ಲಿದ್ದೇವೆ. ಶಿರಾಲಿ ದಾಟ್ತು. ಮುರ್ಡೇಶ್ವರ ಆತು. ಇದು ಮಂಕಿ, ಹೊಂಡ ಇತ್ತು, ಅದಕ್ಕೇ ಕುಲುಕ್ತು. ಈಗ ಹೊನ್ನಾವರ ಸೇತುವೆ.”

ಕರ್ಕಿ, ಹಳದೀಪುರ, ಧಾರೇಶ್ವರ. ಬಸ್ಸು ಕುಮಟೆ ಮುಟ್ಟಿತು. ವಿಮಾನ ಇನ್ನೂ ಮೋಡದಲ್ಲೇ.

“ಈಗ?”

“ಈಗ ಎಂತ, ಬಸ್ಸು ತಿರುಗ್ಸೂದು. ಹೊರಟ್ತು ನೋಡು, ವಾಪಸ್ ಧಾರೇಶ್ವರ.”

ಎಷ್ಟು ಸಲ ತಿರುಗಿಸಿದರೋ! ಚಕ್ರ ನೆಲ ತಾಗಿದಾಗ ನಾವು ಮಂಕಿಯಲ್ಲಿದ್ದೆವು.

ಎಲ್ಲರೂ ಇಳಿದರು. ಮಾವ ಏಳಲಿಲ್ಲ. “ಕಾಲು ಇನ್ನೂ ಬರ್ಲಿಲ್ಲ, ಚೂರು ಕೂರುವ,” ಎಂದರು. ಆಮೇಲೆ, “ಅಕ್ಕನ ಹತ್ರ ಇದೆಲ್ಲ ಹೇಳ್ಬೇಡ. ನಾಳೆ ಆಪರೇಷನ್.”

ಆಸ್ಪತ್ರೆಯಲ್ಲಿ ಅಮ್ಮ ಕೇಳಿದಳು: “ವಿಮಾನ ಹೆಂಗಿತ್ತಾ, ತಮ್ಮಾ?”

“ಎಂತ ಗೊತ್ತೇ ಆಗ್ಲಿಲ್ಲ, ಅಕ್ಕ. ನಾನು ಮಲಗಿಬಿಟ್ಟಿದ್ದೆ.”

ಮಂಚದ ಕಂಬಿಯ ಮೇಲೆ ಅವರ ಕೈ ನಡುಗುತ್ತಿತ್ತು. ಅಮ್ಮ “ಹೌದಾ” ಎಂದಷ್ಟೇ ಹೇಳಿ ಅದರ ಮೇಲೆ ತನ್ನ ಕೈಯಿಟ್ಟಳು. ನಡುಕ ನಿಲ್ಲುವ ತನಕ ತೆಗೆಯಲಿಲ್ಲ.