ಒಂದು ಮೀಸೆಯ ಫೋಟೋ

ಟೀಚರಮ್ಮನ ಬೆಕ್ಕು ಕಾಣೆಯಾಗಿ ಮೂರು ದಿನವಾಗಿತ್ತು. ಆರು ವರ್ಷದ ಬಾಳಿನಲ್ಲಿ ಆ ಬೆಕ್ಕಿಗಿದ್ದದ್ದು ಒಂದೇ ಒಂದು ಫೋಟೋ. ಅದನ್ನು ತೆಗೆದವನು ಲೆನ್ಸಪ್ಪ. ಆ ಭಾನುವಾರದ ಫಜೀತಿಗೆಲ್ಲ ಇಷ್ಟೇ ಕಾರಣ.

ಲೆನ್ಸಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಟ್ಟಡದವರು ಇಟ್ಟದ್ದು. ಅವನು ನೀರಿನ ಇಲಾಖೆಯಲ್ಲಿ ಮೀಟರ್ ರೀಡರ್. ವಾರದ ಆರು ದಿನ ಕಂಡವರ ಮೆಟ್ಟಿಲ ಕೆಳಗೆ ಬಗ್ಗಿ, ಮಂಜು ಹಿಡಿದ ಗಾಜಿನ ಹಿಂದಿನ ಅಂಕಿಗಳನ್ನು ಓದುವ ಕೆಲಸ. ಏಳನೆಯ ದಿನ ಅವನ ಹಳೇ ಲೆನ್ಸುಗಳದ್ದು. ಅವುಗಳಲ್ಲಿ ಒಂದರ ಮೇಲೆ ಅವನಿಗೆ ವಿಶೇಷ ಪ್ರೀತಿ. ಅದು ಅವನಿಗಿಂತ ಒಂಬತ್ತು ವರ್ಷ ದೊಡ್ಡದು, ಕಲ್ಲಿನ ಗುಂಡಿನಷ್ಟು ಭಾರ. ಅದಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಫೋಕಸ್ ಬೇಕಾದರೆ ಅದರ ಉಂಗುರವನ್ನು ಬೆರಳಿನಿಂದಲೇ ತಿರುಗಿಸಬೇಕು. ತಿರುಗಿಸುತ್ತ ಹೋದ ಹಾಗೆ ಮಸುಕಿನೊಳಗಿಂದ ಒಂದು ಮುಖ, ನಿದ್ದೆಯಿಂದ ಎದ್ದು ಬರುವವರ ಹಾಗೆ, ನಿಧಾನವಾಗಿ ಹತ್ತಿರ ಬರುತ್ತದೆ. ಆ ಗಳಿಗೆಗಾಗಿ ಲೆನ್ಸಪ್ಪ ಊಟ ಬಿಟ್ಟಾನು.

ತೊಂದರೆಯೆಂದರೆ, ಅವನು ಉಂಗುರ ತಿರುಗಿಸಿ ಮುಗಿಸುವಷ್ಟರಲ್ಲಿ ಎದುರಿನವರು ನಕ್ಕು ಮುಗಿಸಿರುತ್ತಿದ್ದರು. ಮೇಲಾಗಿ ಲೆನ್ಸಿನ ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟೇ ಫೋಟೋ ತೆಗೆಯಬೇಕೆಂಬ ಹಠ ಬೇರೆ. ಹಾಗೆ ತೆಗೆದರೆ ಒಂದು ಬೆರಳಗಲ ಮಾತ್ರ ಸ್ಪಷ್ಟ. ಉಳಿದದ್ದೆಲ್ಲ ಹಾಲಿನಲ್ಲಿ ಕದಡಿದ ಹಾಗೆ.

"ನನ್ನ ಹುಟ್ಟುಹಬ್ಬದ ಫೋಟೋದಲ್ಲಿ ನನ್ನ ಓಲೆ ಬಂದಿದೆ, ನಾನು ಬಂದಿಲ್ಲ" ಎಂದು ಹೆಂಡತಿ ಈಗಲೂ ಹೇಳುತ್ತಿದ್ದಳು.

ಅವನ ಫೋಟೋವನ್ನು ಮೆಚ್ಚಿದವರು ಇಡೀ ಕಟ್ಟಡದಲ್ಲಿ ಒಬ್ಬರೇ: ಕೆಳಗಿನ ಮನೆಯಲ್ಲಿ ಒಂಟಿಯಾಗಿದ್ದ ನಿವೃತ್ತ ಟೀಚರಮ್ಮ. ಅವರ ಬೂದಿ ಬಣ್ಣದ ಗಂಡು ಬೆಕ್ಕು ಕೋಣೆಯಿಂದ ಕೋಣೆಗೆ ತಪಾಸಣೆಗೆ ಬಂದವರ ಗತ್ತಿನಲ್ಲಿ ಓಡಾಡುತ್ತಿದ್ದರಿಂದ ಅದನ್ನು ಅವರು ಹೆಡ್ಮಾಸ್ಟರು ಎಂದೇ ಕರೆಯುತ್ತಿದ್ದರು. ಹೋದ ವರ್ಷ ಕಿಟಕಿಯ ಬಿಸಿಲಿನಲ್ಲಿ ಕೂತಿದ್ದ ಹೆಡ್ಮಾಸ್ಟರರ ಫೋಟೋವನ್ನು ಲೆನ್ಸಪ್ಪ ಇಪ್ಪತ್ತು ನಿಮಿಷ ಬೆವರು ಸುರಿಸಿ ತೆಗೆದಿದ್ದ. ಬಂದದ್ದು ಎಡಗಡೆಯ ಒಂದು ಮೀಸೆ. ಬಿಸಿಲು ತಾಗಿ ಬೆಳ್ಳಿಯ ತಂತಿಯಂತೆ ಹೊಳೆಯುವ ಒಂದೇ ಮೀಸೆ. ಟೀಚರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ಎಷ್ಟು ಚೆನ್ನಾಗಿದೆಯಪ್ಪಾ" ಎಂದಿದ್ದರು. ಲೆನ್ಸಪ್ಪ ಒಂದು ವಾರ ನೆಲದ ಮೇಲೆ ನಡೆದಿರಲಿಲ್ಲ.

ಈಗ ಕಟ್ಟಡದ ಸೆಕ್ರೆಟರಿಯವರು ಅದೇ ಫೋಟೋಗೆ ಕೈ ಹಾಕಿದರು. "ಕಾಣೆಯಾಗಿದೆ" ಎಂದು ಮೇಲೆ ದಪ್ಪಕ್ಕೆ ಬರೆಸಿ, ಜೆರಾಕ್ಸ್ ಅಂಗಡಿಯಲ್ಲಿ ಅರವತ್ತು ಪ್ರತಿ ತೆಗೆಸಿ, ಟೀಚರಮ್ಮನ ಬಳಿ ಫೋನಿಲ್ಲದ್ದರಿಂದ ಕೆಳಗೆ ಲೆನ್ಸಪ್ಪನ ಫೋನ್ ನಂಬರು ಹಾಕಿ, ಭಾನುವಾರ ಬೆಳಿಗ್ಗೆ ಎಂಟು ಗಂಟೆಯೊಳಗೆ ಬೀದಿಯ ಕಂಬಕಂಬಕ್ಕೂ ಅಂಟಿಸಿಬಿಟ್ಟರು. ಜೆರಾಕ್ಸ್ ಯಂತ್ರ ಆ ಮೀಸೆಯನ್ನೂ ನುಂಗಿತ್ತು.

ಒಂಬತ್ತಕ್ಕೆ ಮೊದಲ ಫೋನು ಬಂತು. "ಸಾರ್, ಕಂಬದ ಮೇಲೆ ನೋಡ್ದೆ. ಈ ದಿಂಬು ಎಲ್ಲಿ ಕಳ್ಕೊಂಡ್ರಿ?"

"ಅದು ದಿಂಬಲ್ಲ, ಬೆಕ್ಕು!"

"ಹೌದಾ? ಮತ್ತೆ ಬೆಕ್ಕೆಲ್ಲಿ?"

ಹತ್ತು ಗಂಟೆಗೆ ಕಪ್ಪು ಬೆಕ್ಕೊಂದು ಚೀಲದಲ್ಲಿ ಬಂತು. ಹತ್ತೂವರೆಗೆ ಬಾಲವಿಲ್ಲದ್ದೊಂದು. "ಫೋಟೋದಲ್ಲೂ ಬಾಲ ಕಾಣ್ಲಿಲ್ಲವಲ್ಲ" ಎಂದು ತಂದವರು ವಾದಿಸಿದರು. ಎದುರು ಕಟ್ಟಡದ ವಾಚ್‌ಮನ್ ಒಂದು ಮೊಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

"ಇದಕ್ಕೆ ಕಿವಿ ಇಷ್ಟುದ್ದ ಇದೆಯಲ್ಲಯ್ಯಾ!" ಎಂದಳು ಹೆಂಡತಿ.

"ಫೋಟೋದಲ್ಲಿ ಎಲ್ಲಿ ಕಿವಿ, ಎಲ್ಲಿ ಗೋಡೆ ಅಂತ ಗೊತ್ತಾದ್ರೆ ತಾನೆ ಅಕ್ಕಾ?"

ಪ್ರತಿ ಸಲವೂ ಟೀಚರಮ್ಮ ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿ ಬಂದು, ಆಸೆಯಿಂದ ಕತ್ತು ಚಾಚಿ ನೋಡಿ, ತಲೆಯಾಡಿಸಿ, ತಂದವರಿಗೆ ಎರಡು ಒಳ್ಳೆಯ ಮಾತು ಹೇಳಿ ಇಳಿದು ಹೋಗುತ್ತಿದ್ದರು. ಅವರು ಇಳಿಯುವ ಒಂದೊಂದು ಹೆಜ್ಜೆಯ ಸದ್ದೂ ಲೆನ್ಸಪ್ಪನ ಎದೆಯ ಮೇಲೇ ಬೀಳುತ್ತಿತ್ತು.

ಹನ್ನೆರಡಕ್ಕೆ ಯಾರೋ ಔಷಧಿ ಅಂಗಡಿಯ ಬಾಗಿಲಲ್ಲಿ ಮಲಗಿದ್ದ ಬಿಳಿ ಬೆಕ್ಕನ್ನೇ ಎತ್ತಿಕೊಂಡು ಬಂದರು. ಹಿಂದೆಯೇ ಅಂಗಡಿಯ ಮಾಲೀಕರು ಏದುಸಿರು ಬಿಡುತ್ತ ಬಂದರು.

"ಲೆನ್ಸಪ್ಪನವರೇ, ನನ್ನ ಬೆಕ್ಕನ್ನ ನನ್ನ ಕಣ್ಣೆದುರಿಗೇ ಹೊತ್ಕೊಂಡು ಬಂದ್ರಲ್ರೀ! ನೆಟ್ಟಗೊಂದು ಫೋಟೋ ತೆಗೆಯೋಕೆ ನಿಮಗೇನು ಧಾಡಿ? ಫೋನಲ್ಲಿ ಒತ್ತಿದ್ರೆ ಬೆಕ್ಕಿನ ಮೇಲಿನ ಚಿಗಟಾನೂ ಕಾಣತ್ತೆ!"

ನಡುಮನೆಯಲ್ಲಿ ಇನ್ನೂ ವಾಪಸ್ಸು ಹೋಗದ ಬೆಕ್ಕುಗಳು ಒಂದನ್ನೊಂದು ಕಂಡು ಬೆನ್ನು ಬಿಲ್ಲಾಗಿಸಿದವು. ಕಪ್ಪು ಬೆಕ್ಕು ಪರದೆ ಹತ್ತಿತು. ಮೊಲ ಹಾಸಿಗೆಯ ಕೆಳಗೆ ಸೇರಿತು. ಅದನ್ನು ಹೊರಗೆಳೆಯಲು ವಾಚ್‌ಮನ್ ನೆಲದ ಮೇಲೆ ಬೋರಲು ಬಿದ್ದ. ಸೆಕ್ರೆಟರಿಯವರು ಬಾಗಿಲಲ್ಲಿ ನಿಂತು, "ಶಾಂತಿ, ಶಾಂತಿ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದರು.

ಮಧ್ಯಾಹ್ನದ ಊಟಕ್ಕೆ ಲೆನ್ಸಪ್ಪ ಏಳಲಿಲ್ಲ. ಮೀಸೆಯ ಫೋಟೋ ನೋಡುತ್ತ ಕೂತಿದ್ದವನು ಕೊನೆಗೆ ಲೆನ್ಸನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಲು ಸ್ಟೂಲು ಹತ್ತಿದ.

"ಏನ್ರೀ ಮಾಡ್ತಿದೀರಾ?"

"ಆಕೆಗಿದ್ದದ್ದು ಒಂದೇ ಬೆಕ್ಕು ಕಣೇ. ಇದ್ದದ್ದು ಒಂದೇ ಫೋಟೋ. ಅದನ್ನೂ ನಾನು ಸರಿಯಾಗಿ ತೆಗೀಲಿಲ್ಲ. ಸಾಕು, ಇನ್ನು ಮುಟ್ಟಲ್ಲ."

ವರ್ಷಗಟ್ಟಲೆ ಅದೇ ಮಾತಿಗಾಗಿ ಕಾದಿದ್ದ ಹೆಂಡತಿಗೆ ಯಾಕೋ ಖುಷಿಯಾಗಲಿಲ್ಲ. ಅವಳು ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡು ನಿಂತಳು.

ಐದು ಗಂಟೆಗೆ ಬಸ್ಸಿನ ಕಂಡಕ್ಟರೊಬ್ಬಳು ನಿಲ್ದಾಣದ ಬೆಂಚಿನ ಕೆಳಗೆ ಸಿಕ್ಕಿತೆಂದು ಬೂದಿ ಬಣ್ಣದ ಬೆಕ್ಕೊಂದನ್ನು ತಂದಳು. ಆ ಹೊತ್ತಿಗೆ ಅರ್ಧ ಕಟ್ಟಡವೇ ಲೆನ್ಸಪ್ಪನ ಮನೆಯಲ್ಲಿತ್ತು. ಟೀಚರಮ್ಮ ಬಂದರು. ಬೆಕ್ಕನ್ನು ಎತ್ತಿಕೊಂಡರು. ಮೂಲೆಯಲ್ಲಿ ಶಿಕ್ಷೆಗೆ ಕಾದ ಹುಡುಗನಂತೆ ನಿಂತಿದ್ದ ಲೆನ್ಸಪ್ಪನನ್ನೊಮ್ಮೆ ನೋಡಿದರು. ಆಮೇಲೆ ಬೆಕ್ಕಿನ ನೆತ್ತಿಗೆ ಮುಖ ಒತ್ತಿ, "ಇದೇ. ಇದೇ ನನ್ನ ಹೆಡ್ಮಾಸ್ಟರು" ಎಂದರು.

ಮನೆ ಚಪ್ಪಾಳೆಯಿಂದ ತುಂಬಿತು. "ಮುಖ ಸ್ವಲ್ಪ ಸಣ್ಣ ಕಾಣ್ತಿದೆಯಲ್ಲಾ?" ಎಂದು ಹೆಂಡತಿ ಅನುಮಾನಿಸಿದಳು. "ಮೂರು ದಿನ ಉಪವಾಸ ಅಲ್ವೇನಮ್ಮಾ?" ಎಂದರು ಟೀಚರಮ್ಮ. ಸೆಕ್ರೆಟರಿಯವರು ಕುರ್ಚಿಯ ಮೇಲೆ ಹತ್ತಿ, "ನಮ್ಮ ಲೆನ್ಸಪ್ಪನವರ ಫೋಟೋ ಇಲ್ಲದಿದ್ದರೆ ಇದು ಆಗ್ತಿತ್ತೇ?" ಎಂದು ಭಾಷಣ ಮಾಡಿದರು. ಔಷಧಿ ಅಂಗಡಿಯವರು ಕೈ ಕುಲುಕಿದರು. ಎಲ್ಲರೂ ಹೋದ ಮೇಲೆ ಲೆನ್ಸಪ್ಪ ಸ್ಟೂಲು ಹತ್ತಿ ಲೆನ್ಸನ್ನು ಕೆಳಗಿಳಿಸಿಕೊಂಡು, ಟವೆಲ್ಲಿನಿಂದ ಬಿಡಿಸಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸಿದ.

ಆರೂವರೆಗೆ ಅಡುಗೆಮನೆಯ ಕಿಟಕಿಯಿಂದ ದೊಪ್ಪೆಂದು ಸದ್ದಾಯಿತು. ಕೆಸರುಗಾಲಿನ ಬೂದಿ ಬೆಕ್ಕೊಂದು ಒಳಗಿಳಿದು, ಒಲೆ ನೋಡಿ, ಪಾತ್ರೆ ನೋಡಿ, ನಡುಮನೆಗೆ ಬಂದು, ಲೆನ್ಸಪ್ಪನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ, ಅತೃಪ್ತಿಯಿಂದ ಕೂತಿತು.

"ರೀ," ಹೆಂಡತಿಯ ದನಿ ಇಳಿದಿತ್ತು, "ಹೆಡ್ಮಾಸ್ಟರು."

ಲೆನ್ಸಪ್ಪ ಎದ್ದು ಬಾಗಿಲು ಹಾಕಿದ. ಹೇಳಿದರೆ ಟೀಚರಮ್ಮನ ಸಂತೋಷ ಹಾಳು, ಹೇಳದಿದ್ದರೆ ಮೋಸ. ಹೆಡ್ಮಾಸ್ಟರರನ್ನು ಟವೆಲ್ಲಿನಲ್ಲಿ ಸುತ್ತಿ ಬಗಲಿಗೆ ಇರಿಸಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಗೋಡೆ ಸವರಿಕೊಂಡು ಇಳಿದ.

ಬಾಗಿಲು ತೆರೆದ ಟೀಚರಮ್ಮ ಟವೆಲ್ಲಿನಿಂದ ಇಣುಕಿದ ಮುಖ ನೋಡಿದರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. "ಬಂದೆಯೇನೋ ಪೋಲಿ" ಎಂದು ಬೆಕ್ಕಿನ ಕಿವಿ ಹಿಂಡಿ ಲೆನ್ಸಪ್ಪನನ್ನು ಒಳಗೆ ಕರೆದರು.

"ಟೀಚರಮ್ಮಾ, ಆ ಇನ್ನೊಂದು ಬೆಕ್ಕು..." ಲೆನ್ಸಪ್ಪ ತೊದಲಿದ.

"ನನ್ನದಲ್ಲ ಅಂತ ಎತ್ತಿಕೊಂಡ ಕೂಡಲೇ ಗೊತ್ತಾಯ್ತಪ್ಪಾ. ಅದು ಹೆಣ್ಣು."

"ಮತ್ತೆ ಯಾಕೆ ಹಾಗಂದ್ರಿ?"

"ನಿನ್ನ ಮುಖ ನೋಡೋಕಾಗ್ಲಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಮಾಡಿದೀನಿ. ಇನ್ನು ಈ ಹುಡುಗ ಪೆನ್ಸಿಲ್ ಮುಟ್ಟಲ್ಲ ಅಂತ ಮುಖದಲ್ಲೇ ಗೊತ್ತಾಗತ್ತೆ. ಬೆಕ್ಕು ಇವತ್ತಲ್ಲ ನಾಳೆ ಬರತ್ತೆ ಅಂದ್ಕೊಂಡೆ. ನೀನು ಒಂದು ಸಲ ಲೆನ್ಸ್ ಬಿಟ್ರೆ ಮತ್ತೆ ಮುಟ್ಟಲ್ಲ."

ಲೆನ್ಸಪ್ಪ ಹೆಡ್ಮಾಸ್ಟರರನ್ನು ಮೆಲ್ಲಗೆ ಕೆಳಗಿಡಲು ಬಗ್ಗಿದ. ಟೀಚರಮ್ಮ ಅವನ ಕೈ ತಡೆದರು.

"ಇಲ್ಲಿ ಬಿಡಬೇಡ. ಅವಳು ಬಸುರಿ, ಮಂಚದ ಕೆಳಗೆ ಸೇರಿಕೊಂಡಿದ್ದಾಳೆ. ಮರಿಗಳು ದೊಡ್ಡದಾಗೋವರೆಗೆ ಗಂಡು ಬೆಕ್ಕು ಮನೆಯಲ್ಲಿರಬಾರದು. ಅಲ್ಲೀವರೆಗೆ ಇವನು ನಿನ್ನ ಮನೆಯಲ್ಲಿರಲಿ, ನಾನು ದಿನಾ ಬಂದು ನೋಡ್ಕೊಂಡು ಹೋಗ್ತೀನಿ. ಯಾರಿಗೂ ಹೇಳಬೇಡ ಮತ್ತೆ. ಸೆಕ್ರೆಟರಿ ಕುರ್ಚಿ ಹತ್ತಿ ಭಾಷಣ ಬೇರೆ ಮಾಡಿದಾರೆ."

"ಯಾರಾದ್ರೂ ಗುರುತು ಹಿಡಿದ್ರೆ?"

ಟೀಚರಮ್ಮ ಅವನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು. "ನಾಳೆ ಇವನದ್ದೊಂದು ಫೋಟೋ ತೆಗೆದು, 'ನಮ್ಮ ಹೊಸ ಬೆಕ್ಕು' ಅಂತ ನೋಟಿಸ್ ಬೋರ್ಡಿಗೆ ಹಾಕಿಬಿಡು. ಆ ಲೆನ್ಸಲ್ಲೇ ತೆಗಿಯಪ್ಪಾ."